ಒಂದನ್ನು ಬಿಟ್ಟು

ಹದಿನಾಲ್ಕನೆಯ ಕಲಮು ಕಾನೂನಿನ ಪುಸ್ತಕದೊಳಗೆ ಬಂದು ಕೂರಲು ಹನ್ನೊಂದು ವರ್ಷ ಹಿಡಿದಿತ್ತು. ಆ ಹನ್ನೊಂದು ವರ್ಷಗಳಲ್ಲಿ ಚುನಾವಣಾ ಕಚೇರಿಯ ಹೆಡ್ ಗುಮಾಸ್ತರು ನಲವತ್ತೊಂದು ಮನವಿಗಳನ್ನು ಕೈಯಾರೆ ಬರೆದು ಮೇಲಕ್ಕೆ ಕಳುಹಿಸಿದ್ದರು. ಮೂವತ್ತಕ್ಕೆ ಉತ್ತರವೇ ಬರಲಿಲ್ಲ. ಒಂಬತ್ತು ‘ಪರಿಶೀಲನೆಯಲ್ಲಿದೆ’ ಎಂಬ ಷರಾ ಹೊತ್ತು ಹಿಂದಿರುಗಿದವು. ಒಂದನ್ನು ಯಾರೋ ನಾಲ್ಕಾಗಿ ಮಡಿಸಿ ಅಲುಗಾಡುವ ಮೇಜಿನ ಕಾಲಿಗೆ ಆಸರೆ ಕೊಟ್ಟಿದ್ದರು; ರಾಜಧಾನಿಗೆ ಹೋದಾಗ ಅವರೇ ಅದನ್ನು ಕಣ್ಣಾರೆ ಕಂಡು, ಬಗ್ಗಿ ಎಳೆದುಕೊಂಡು ಬಂದರು. ನಲವತ್ತೊಂದನೆಯದು ಮಾತ್ರ, ಯಾರ ಪುಣ್ಯವೋ, ಓದುವ ಅಭ್ಯಾಸವಿದ್ದ ಒಬ್ಬ ಕಾರ್ಯದರ್ಶಿಯ ಕೈಗೆ ಬಿತ್ತು.

ಆ ಕಲಮು ಹುಟ್ಟಲು ಕಾರಣನಾದವನನ್ನು ಊರು ‘ಎರಡು ಕುರ್ಚಿ’ ಎಂದೇ ಕರೆಯುತ್ತಿತ್ತು. ಪ್ರತಿ ಚುನಾವಣೆಯಲ್ಲೂ ಆತ ಊರಿನ ಅಧ್ಯಕ್ಷ ಸ್ಥಾನಕ್ಕೂ ಒಂದು ವಾರ್ಡಿನ ಸದಸ್ಯ ಸ್ಥಾನಕ್ಕೂ ಒಟ್ಟಿಗೇ ನಿಲ್ಲುತ್ತಿದ್ದ, ಎರಡನ್ನೂ ಗೆಲ್ಲುತ್ತಿದ್ದ, ಗೆದ್ದ ವಾರದೊಳಗೆ ವಾರ್ಡನ್ನು ಹರಿದ ಚಪ್ಪಲಿಯಂತೆ ಕಳಚಿಟ್ಟು ಅಧ್ಯಕ್ಷರ ಕೋಣೆಗೆ ನಡೆದುಬಿಡುತ್ತಿದ್ದ. ಆಮೇಲೆ ಆ ವಾರ್ಡಿಗೆ ಮತ್ತೆ ಚುನಾವಣೆ. ಮತ್ತೆ ಪೆಟ್ಟಿಗೆ, ಮತ್ತೆ ಅರಗು, ಮತ್ತೆ ಶಾಲೆಗೆ ರಜೆ, ಮತ್ತೆ ಅದೇ ಜನ ಅದೇ ಸಾಲಿನಲ್ಲಿ. ಹೀಗೆ ಮೂರನೆಯ ಸಲ ಮತಗಟ್ಟೆ ತೆರೆದಾಗ, ಎಂಬತ್ತು ದಾಟಿದ ಒಬ್ಬ ಮುದುಕಿ ಮೊಮ್ಮಗಳ ಭುಜ ಹಿಡಿದು ಮೂರು ಮೆಟ್ಟಿಲು ಹತ್ತಿ ಬಂದು, ಬೆರಳಿಗೆ ಶಾಯಿ ಹಚ್ಚುತ್ತಿದ್ದ ಗುಮಾಸ್ತರನ್ನು ಮೆಲ್ಲಗೆ ಕೇಳಿದಳು.

“ಹೋದ ತಿಂಗಳು ನಾನು ಹಾಕಿದ್ ವೋಟು ಸರಿಯಾಗಿರ್ಲಿಲ್ವಾ ಮಗಾ? ಏನು ತಪ್ಪು ಮಾಡಿದ್ದೆ?”

ಗುಮಾಸ್ತರು ಅವಳ ಬೆರಳಿಗೆ ಶಾಯಿ ಹಚ್ಚಿ ಕಳಿಸಿದರು. ಅಂದು ಸಂಜೆಯೇ ಮೊದಲನೆಯ ಮನವಿಯನ್ನು ಬರೆದರು.

ಕೊನೆಗೆ ಬಂದ ಕಲಮು ಅವರು ಬೇಡಿದ್ದರ ಅರ್ಧದಷ್ಟು. ಒಬ್ಬ ವ್ಯಕ್ತಿ ಎರಡು ಸ್ಥಾನಗಳಿಗೆ ನಾಮಪತ್ರ ಸಲ್ಲಿಸಲೇಕೂಡದೆಂದು ಅವರು ಕೇಳಿದ್ದರು. ಮೇಲಿನವರು, ಸಲ್ಲಿಸಬಹುದು, ಆದರೆ ಹಿಂದಕ್ಕೆ ಪಡೆಯುವ ಕೊನೆಯ ದಿನ ಸಂಜೆ ಐದರೊಳಗೆ ಒಂದನ್ನು ಮಾತ್ರ ಉಳಿಸಿಕೊಳ್ಳತಕ್ಕದ್ದು, ತಪ್ಪಿದಲ್ಲಿ ಎರಡೂ ರದ್ದು, ಎಂದು ನಡುದಾರಿ ಹಿಡಿದರು. ಅಷ್ಟಾದರೂ ಸಾಕಿತ್ತು. ‘ಎರಡು ಕುರ್ಚಿ’ ಮುಂದಿನ ಸಲ ಒಂದೇ ಕುರ್ಚಿಗೆ ನಿಂತು ಸೋತ. ಊರು ಮತ್ತೆಂದೂ ಒಂದೇ ಕೆಲಸಕ್ಕೆ ಎರಡು ಸಲ ಸಾಲು ನಿಲ್ಲಲಿಲ್ಲ.

ಕಲಮಿಗೊಂದು ನಮೂನೆ ಬೇಕಾಯಿತು. ಅದನ್ನು ಬರೆಯುವ ಗೌರವವನ್ನು ಕಾರ್ಯದರ್ಶಿ ಗುಮಾಸ್ತರಿಗೇ ಕೊಟ್ಟರು. ಒಂದು ವಾಕ್ಯದಲ್ಲಿ ಮುಗಿಯುವುದನ್ನು ಎರಡಕ್ಕೆ ಎಳೆಯುವವನು ಬರೆಯಬಾರದೆಂದು ಕಲಿಸಿದ ಗುರುವಿನ ಕೈಯಲ್ಲಿ ಬೆಳೆದವರು ಅವರು. ನಾಲ್ಕು ಸಂಜೆ ಕೂತು, ತೂಗಿ, ಒರೆಗೆ ಹಚ್ಚಿ, ನಮೂನೆ ಏಳರ ಆ ಒಂದು ಸಾಲನ್ನು ಇಳಿಸಿದರು: ‘ನಾನು ............ ಸ್ಥಾನವನ್ನು ಬಿಟ್ಟು ನನ್ನ ಉಮೇದುವಾರಿಕೆಯನ್ನು ಹಿಂದಕ್ಕೆ ಪಡೆದಿರುತ್ತೇನೆ.’ ಅಚ್ಚಾಗಿ ಬಂದ ದಿನ ಅದನ್ನು ಮೂರು ಸಲ ಓದಿ, ಹೆಂಡತಿಗೂ ಒಮ್ಮೆ ಓದಿ ಹೇಳಿದ್ದರು. “ಚೆನ್ನಾಗಿದೆ” ಎಂದಿದ್ದಳು ಆಕೆ, ಒಲೆಯ ಕಡೆ ನೋಡುತ್ತ.

ಇದೆಲ್ಲ ನಡೆದು ಇಪ್ಪತ್ತೆರಡು ವರ್ಷ. ಗುಮಾಸ್ತರಿಗೆ ಈಗ ಎಪ್ಪತ್ತೊಂದು. ನಿವೃತ್ತರಾಗಿ ಹನ್ನೆರಡು ವರ್ಷವಾದರೂ ಚುನಾವಣೆ ಬಂತೆಂದರೆ ಕಚೇರಿಯಿಂದ ಕರೆ ಬರುತ್ತಿತ್ತು. ಕಿಟಕಿಯ ಪಕ್ಕ ಒಂದು ಮೇಜು, ಬೆನ್ನಿಗೆ ಮೆತ್ತೆಯಿದ್ದ ಒಂದು ಕುರ್ಚಿ, ‘ಯಜಮಾನ್ರು’ ಎಂಬ ಕರೆ. ಹೊಸದಾಗಿ ಬಂದವರಿಗೆಲ್ಲ ಹನ್ನೊಂದು ವರ್ಷದ ಕತೆಯನ್ನು ಅವರ ಬಾಯಿಂದಲೇ ಕೇಳಿಸುವುದು ಕಚೇರಿಯಲ್ಲೊಂದು ರೂಢಿಯಾಗಿಬಿಟ್ಟಿತ್ತು. ಅವರೂ ಹೇಳುತ್ತಿದ್ದರು. ಮೊದಮೊದಲು ಹೆಮ್ಮೆಯಿಂದ, ಆಮೇಲೆ ಅಭ್ಯಾಸದಿಂದ, ಈಚೆಗೆ, ಗೋಡೆ ಗಡಿಯಾರಕ್ಕೆ ಕೀಲಿ ಕೊಡುವವನಂತೆ, ನಿಂತುಹೋಗಬಾರದೆಂದು ಮಾತ್ರ. ಎಲ್ಲಿ ಜನ ನಗುತ್ತಾರೆ, ಎಲ್ಲಿ ತಲೆದೂಗುತ್ತಾರೆ ಎಂಬುದೆಲ್ಲ ಅವರಿಗೆ ಮೊದಲೇ ಗೊತ್ತಿರುತ್ತಿತ್ತು. ಎಲ್ಲಿ ದಾಟಿಹೋಗಬೇಕೆಂಬುದೂ ಗೊತ್ತಿತ್ತು.

ಆ ಬೆಳಗ್ಗೆ ಹತ್ತಕ್ಕೆ ಅಭ್ಯರ್ಥಿಗಳ ಪಟ್ಟಿಯನ್ನು ಫಲಕಕ್ಕೆ ಅಂಟಿಸಿದ್ದರು. ತಕರಾರಿದ್ದರೆ ಮಧ್ಯಾಹ್ನ ಎರಡರೊಳಗೆ ಹೇಳಬೇಕು. ಐದಕ್ಕೆ ಕೊನೆಯ ಪಟ್ಟಿ ಅಚ್ಚುಕೂಟಕ್ಕೆ ಹೋಗಬೇಕು. ಹತ್ತೂಕಾಲಿಗೆ ಆಸ್ಪತ್ರೆಯ ದಾದಿ ಬಂದಳು. ಐವತ್ತೈದರ ಹೆಂಗಸು, ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ, ಊರಿನ ಅರ್ಧ ಜನ ಅವಳ ಕೈಯಲ್ಲಿ ಕಣ್ಣುಬಿಟ್ಟವರು. ಪಾಳಿ ಮುಗಿಸಿ ನೇರ ಬಂದಿದ್ದಳೆಂದು ಕಾಣುತ್ತದೆ, ಎದೆಯ ಮೇಲೆ ಗಡಿಯಾರ ಇನ್ನೂ ತಲೆಕೆಳಗಾಗಿ ನೇತಾಡುತ್ತಿತ್ತು. ಫಲಕದ ಮುಂದೆ ನಿಂತು ಬೆರಳಿಟ್ಟು ಓದಿದಳು, ಇನ್ನೊಮ್ಮೆ ಓದಿದಳು, ಒಳಗೆ ಬಂದು ಕೌಂಟರಿನ ಗುಮಾಸ್ತನ ಎದುರು ನಿಂತಳು.

“ಅಧ್ಯಕ್ಷ ಸ್ಥಾನದ ಪಟ್ಟೀಲಿ ನನ್ನ ಹೆಸರಿಲ್ಲ. ವಾರ್ಡ್ ಪಟ್ಟೀಲಿದೆ. ಅದಲು ಬದಲಾಗಿದೆ, ಸರಿಮಾಡಿ.”

“ನೀವೇ ಬಿಟ್ಟಿದೀರಲ್ಲಮ್ಮ.” ಆತ ಕಡತ ತೆರೆದು ತೋರಿಸಿದ. “ನೋಡಿ, ನಮೂನೆ ಏಳು. ‘ನಾನು ಅಧ್ಯಕ್ಷ ಸ್ಥಾನವನ್ನು ಬಿಟ್ಟು.’ ನಿಮ್ಮದೇ ಅಕ್ಷರ.”

“ಅದನ್ನೇ ನಾನೂ ಹೇಳ್ತಿರೋದು. ಅಧ್ಯಕ್ಷ ಸ್ಥಾನವನ್ನು ಬಿಟ್ಟು ಉಳಿದದ್ದನ್ನ ವಾಪಸ್ ತಗೊಂಡಿದೀನಿ.”

ಕೌಂಟರಿನವನು ನಮೂನೆಯನ್ನು ಮತ್ತೊಮ್ಮೆ ಓದಿದ. ಪ್ರತಿಸಲವೂ ನಮೂನೆ ಕೈಗೆ ಕೊಡುವಾಗ “ಬಿಡೋ ಸ್ಥಾನದ ಹೆಸರು ಬರೀರಿ” ಎಂದು ಬಾಯಲ್ಲಿ ಹೇಳುವುದು ಅವನ ರೂಢಿ. ನಿನ್ನೆ ಅವನು ಊಟಕ್ಕೆ ಹೋಗಿದ್ದಾಗ ಈಕೆ ನಮೂನೆಯನ್ನು ತಾನೇ ಓದಿ, ತಾನೇ ತುಂಬಿ, ಪೆಟ್ಟಿಗೆಗೆ ಹಾಕಿ ಹೋಗಿದ್ದಳು. ಓದಿ ತುಂಬಿದ್ದೇ ತಪ್ಪಾಗಿತ್ತು.

ಕಿಟಕಿಯ ಬಳಿ ಕೂತಿದ್ದ ಗುಮಾಸ್ತರ ಕೈಯಲ್ಲಿ ಚಹಾದ ಲೋಟವಿತ್ತು. ಆ ಮಾತು ಕಿವಿಗೆ ಬಿದ್ದದ್ದೇ ಅವರು ಲೋಟವನ್ನು ಮೇಜಿನ ಮೇಲಿಟ್ಟರು. ಆ ವಾಕ್ಯವನ್ನು ಹಾಗೆ ಓದುವ ದನಿಯನ್ನು ಅವರು ಈ ಮೊದಲು ಒಮ್ಮೆ ಕೇಳಿದ್ದರು. ಹದಿನೆಂಟು ವರ್ಷದ ಹಿಂದೆ, ಇದೇ ಕೌಂಟರಿನಲ್ಲಿ.

ಅಂದು ಕೌಂಟರಿನ ಆಚೆ ನಿಂತಿದ್ದವನು ಅವರ ಹೆಂಡತಿಯ ತಮ್ಮ, ಅಚ್ಚುಕೂಟದಲ್ಲಿ ಕರಡು ತಿದ್ದುವವನು. ವಾರ್ಡಿನ ಸದಸ್ಯನಾಗಬೇಕೆಂಬುದು ಅವನ ಆಸೆ. ಓಣಿ ಓಣಿಯ ಚರಂಡಿ, ಬೀದಿದೀಪಗಳ ಲೆಕ್ಕ ಅವನ ನಾಲಗೆಯ ತುದಿಯಲ್ಲಿತ್ತು. ಗೆಳೆಯರ ಒತ್ತಾಯಕ್ಕೆ ಅಧ್ಯಕ್ಷ ಸ್ಥಾನಕ್ಕೂ ಒಂದು ಅರ್ಜಿ ಹಾಕಿದ್ದ. ಕೊನೆಯ ದಿನ ನಮೂನೆಯನ್ನು ಮನೆಯಲ್ಲೇ ತುಂಬಿ ತಂದು ಹಾಕಿದ: ‘ವಾರ್ಡ್ ಸದಸ್ಯ ಸ್ಥಾನವನ್ನು ಬಿಟ್ಟು.’ ಮರುದಿನ ನೋಡಿದರೆ ವಾರ್ಡು ಕೈತಪ್ಪಿತ್ತು, ಅಧ್ಯಕ್ಷ ಸ್ಥಾನ ಕೊರಳಿಗೆ ಬಿದ್ದಿತ್ತು. ಓಡಿಬಂದು, ಒಂದು ಖಾಲಿ ನಮೂನೆಯ ಮೇಲೆ ಕೆಂಪು ಶಾಯಿಯಲ್ಲಿ ಗುರುತುಹಾಕಿ ಮುಂದೆ ಹಿಡಿದಿದ್ದ.

“ಭಾವ, ನಿಮ್ಮ ಸಾಲಿಗೆ ಎರಡು ಅರ್ಥ ಇದೆ. ಅಚ್ಚಿಗೆ ಹೋಗೋ ಮುಂಚೆ ನನಗೆ ತೋರಿಸಿದ್ರೆ ಹಿಡೀತಿದ್ದೆ.”

ಹಿಂದೆ ಇಪ್ಪತ್ತು ಜನರ ಸಾಲಿತ್ತು. ಗುಮಾಸ್ತರು ಕನ್ನಡಕ ತೆಗೆದು, ಎಲ್ಲರಿಗೂ ಕೇಳುವಂತೆ ಹೇಳಿದ್ದರು: “ಕರಡು ತಿದ್ದೋನಿಗೆ ಓದೋಕೇ ಬರಲ್ಲ ಅಂತ ಇವತ್ತು ಗೊತ್ತಾಯ್ತು. ಮೊದಲು ಓದೋದು ಕಲಿ ಮಾರಾಯ, ಆಮೇಲೆ ಊರು ಆಳೋಕೆ ಬಾ.”

ಸಾಲು ನಕ್ಕಿತು. ಆ ಚುನಾವಣೆಯಲ್ಲಿ ಭಾವಮೈದನಿಗೆ ಬಿದ್ದದ್ದು ನೂರ ಹನ್ನೆರಡು ಮತ. ಅಂದಿನಿಂದ ಅವನ ಅಚ್ಚುಕೂಟದವರು ಅವನನ್ನು ‘ನೂರಹನ್ನೆರಡು’ ಎಂದೇ ಕರೆದರು. ಅವನು ಅಕ್ಕನ ಮನೆಯ ಮೆಟ್ಟಿಲು ಹತ್ತುವುದನ್ನು ನಿಲ್ಲಿಸಿದ. ಅಕ್ಕನೇ ವಾರಕ್ಕೊಮ್ಮೆ ಹೊರಡುತ್ತಿದ್ದಳು. “ತಮ್ಮನ ಮನೆಗೆ ಹೋಗಿ ಬರ್ತೀನಿ” ಎನ್ನುವಳು. ಗುಮಾಸ್ತರು ಪತ್ರಿಕೆಯಿಂದ ಕಣ್ಣೆತ್ತದೆ “ಹೂಂ” ಎನ್ನುವರು. ಹದಿನೆಂಟು ವರ್ಷದಲ್ಲಿ ಆ ವಿಷಯವಾಗಿ ಅವರಿಬ್ಬರ ನಡುವೆ ನಡೆದ ಮಾತೆಲ್ಲ ಅಷ್ಟೇ.

ಕೆಂಪು ಗುರುತಿನ ಆ ಹಾಳೆಯನ್ನು ಗುಮಾಸ್ತರು ಒಳಬರುವ ಪತ್ರಗಳ ಪುಸ್ತಕದಲ್ಲಿ ನಮೂದಿಸಲಿಲ್ಲ. ಹರಕು ಚೀಟಿ ಬಂದರೂ ನಂಬರು ಹಾಕದೆ ಬಿಡುತ್ತಿರಲಿಲ್ಲ ಅವರು. ಮೂವತ್ತೇಳು ವರ್ಷದ ಸೇವೆಯಲ್ಲಿ ನಂಬರಿಲ್ಲದೆ ಉಳಿದ ಕಾಗದ ಅದೊಂದೇ. ಎಸೆಯಲೂ ಆಗಲಿಲ್ಲ. ತಮ್ಮ ಸ್ವಂತ ಕಾನೂನು ಪುಸ್ತಕದ ಹಿಂದಿನ ರಟ್ಟಿನ ಒಳಮಡಿಕೆಗೆ ಅದನ್ನು ಸೇರಿಸಿಟ್ಟಿದ್ದರು. ಆಮೇಲೆ ತಮ್ಮ ವಾಕ್ಯವನ್ನು ಅವರು ಎಂದೂ ಓದಲಿಲ್ಲ. ಅದರಲ್ಲಿ ದೋಷವಿದೆಯೆಂದು ಅವರಿಗೆ ಗೊತ್ತಿತ್ತೆಂದರೂ ತಪ್ಪು, ಗೊತ್ತಿರಲಿಲ್ಲವೆಂದರೂ ತಪ್ಪು. ಗೊತ್ತಾಗದಂತೆ ನೋಡಿಕೊಂಡಿದ್ದರು.

ಎರಡು ಗಂಟೆಗೆ ಚುನಾವಣಾಧಿಕಾರಿಯ ಕೋಣೆಯಲ್ಲಿ ವಿಚಾರಣೆ. ಅಧಿಕಾರಿ ಮೂವತ್ತು ದಾಟಿದ ಹುಡುಗಿ. ಇದು ಅವಳ ಮೊದಲ ಚುನಾವಣೆ. ಮೂರು ವಾರಗಳಿಂದ ಸರಿಯಾಗಿ ಮಲಗಿರದ ಕಣ್ಣು. ಮೇಜಿನ ಒಂದು ಕಡೆ ದಾದಿ, ಇನ್ನೊಂದು ಕಡೆ ಹಾಲಿ ಅಧ್ಯಕ್ಷರ ವಕೀಲರು. ದಾದಿ ಕಣದಲ್ಲಿಲ್ಲವಾದರೆ ಹಾಲಿ ಅಧ್ಯಕ್ಷರಿಗೆ ಎದುರಾಳಿಯೇ ಇಲ್ಲ. ಊರು ಮತ ಹಾಕುವ ಮೊದಲೇ ಅವರು ಇನ್ನು ಮೂರು ವರ್ಷಕ್ಕೆ ಅಧ್ಯಕ್ಷರು. ವಕೀಲರ ಮುಖದಲ್ಲಿ ಆ ಮೂರೂ ವರ್ಷದ ನೆಮ್ಮದಿ ಈಗಾಗಲೇ ಕಾಣಿಸುತ್ತಿತ್ತು. ಗುಮಾಸ್ತರು ಗೋಡೆಯ ಬದಿಯ ಕುರ್ಚಿಯಲ್ಲಿ, ಕಾನೂನು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮಂಡಿ ನೋಯುತ್ತಿತ್ತು.

“ಸರಳ ವಿಷಯ ಮೇಡಂ,” ವಕೀಲರು ಶುರುಮಾಡಿದರು. “‘ಬಿಟ್ಟು’ ಅಂದ್ರೆ ಬಿಟ್ಟು. ಗಂಡ ಹೆಂಡತೀನ ಬಿಟ್ಟು ಹೋದ ಅಂದ್ರೆ ಏನರ್ಥ? ಕೈಬಿಟ್ಟ ಅಂತ. ಇವರೂ ಅಧ್ಯಕ್ಷ ಸ್ಥಾನ ಕೈಬಿಟ್ಟಿದಾರೆ.”

“ಅವನು ಹೆಂಡತೀನ ಬಿಟ್ಟು ಉಳಿದವರನ್ನೆಲ್ಲ ಮದುವೆಗೆ ಕರೆದ ಅಂದ್ರೆ?” ದಾದಿ ತಲೆ ತಿರುಗಿಸದೆ ಕೇಳಿದಳು.

ಬಾಗಿಲಲ್ಲಿ ನಿಂತಿದ್ದ ಕೌಂಟರಿನವನು ನಗು ತಡೆಯಲು ಕೆಮ್ಮಿದ.

“ನನ್ನ ವಾರ್ಡಿನ ಬಾಗಿಲ ಮೇಲೆ ಒಂದು ಬೋರ್ಡಿದೆ ಮೇಡಂ...”

“ಯಾವ ವಾರ್ಡು? ನೀವು ನಿಂತಿರೋ ವಾರ್ಡಾ?” ವಕೀಲರು ಚುರುಕಾದರು.

“ನಾನು ಮೂವತ್ತು ವರ್ಷದಿಂದ ನಿಂತಿರೋ ವಾರ್ಡು. ಹೆರಿಗೆ ವಾರ್ಡು. ಕೂತ್ಕೊಳ್ಳೋಕೆ ಅಲ್ಲಿ ಪುರುಸೊತ್ತಿಲ್ಲ.” ದಾದಿ ಅಧಿಕಾರಿಯ ಕಡೆ ತಿರುಗಿದಳು. “ಆ ಬೋರ್ಡಲ್ಲಿ ‘ಭಾನುವಾರವನ್ನು ಬಿಟ್ಟು ಎಲ್ಲ ದಿನ ನೋಡಲು ಬರಬಹುದು’ ಅಂತಿದೆ. ಭಾನುವಾರ ಬರಬಾರದು ಅಂತ ಬಾಣಂತಿಯ ಅತ್ತೆಗೂ ಅರ್ಥ ಆಗತ್ತೆ. ಇಲ್ಲಿ ಮಾತ್ರ ಆ ಪದಕ್ಕೆ ಬೇರೆ ಅರ್ಥ ಅಂತ ನನಗೆ ಯಾರು ಹೇಳ್ಬೇಕಿತ್ತು?”

ಅಧಿಕಾರಿ ಹಣೆ ಒತ್ತಿಕೊಂಡಳು. “ನಿಯಮ ಇಷ್ಟೇ. ನಮೂನೆ ಸ್ಪಷ್ಟವಾಗಿದ್ದು ಅಭ್ಯರ್ಥಿ ತಪ್ಪು ತುಂಬಿದ್ರೆ ಅದು ಅಭ್ಯರ್ಥಿಯ ಹೊಣೆ. ನಮೂನೆಯೇ ಅಸ್ಪಷ್ಟವಾಗಿದ್ರೆ ಅಭ್ಯರ್ಥಿ ಏನು ಹೇಳ್ತಾರೋ ಅದೇ ಸರಿ. ಹಾಗಾಗಿ ಪ್ರಶ್ನೆ ಒಂದೇ. ಈ ಸಾಲು ಅಸ್ಪಷ್ಟವಾ, ಅಲ್ವಾ?”

“ಅದಕ್ಕೆ ನಾವು ತಲೆ ಕೆಡಿಸ್ಕೋಬೇಕಾಗೇ ಇಲ್ಲ ಮೇಡಂ. ಬರೆದವರು ಇಲ್ಲೇ ಕೂತಿದಾರೆ.” ವಕೀಲರು ಗೋಡೆಯ ಕಡೆಗೆ ವಿನಯದಿಂದ ಬಾಗಿದರು. “ಯಜಮಾನ್ರ ವಾಕ್ಯ ಇದು. ಹನ್ನೊಂದು ವರ್ಷ ಹೋರಾಡಿ ತಂದ ಕಲಮು, ನಾಲ್ಕು ಸಂಜೆ ಕೂತು ಬರೆದ ಸಾಲು. ನಾವೆಲ್ಲ ಆ ಕತೆ ಕೇಳಿ ಬೆಳೆದವರು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರಾದ್ರೂ ಇದನ್ನ ಬೇರೆ ಥರ ಓದಿದ್ರೆ ಕಚೇರಿ ಕಡತದಲ್ಲಿ ಒಂದು ತಕರಾರು ಇರ್ಬೇಕಿತ್ತು. ಇದೆಯಾ?”

ಕೌಂಟರಿನವನು ಬೆಳಗ್ಗೆಯೇ ಹುಡುಕಿದ್ದ. “ಒಂದೂ ಇಲ್ಲ ಮೇಡಂ.”

“ಅಲ್ಲಿಗೆ ಮುಗೀತು.”

ದಾದಿ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಈವರೆಗೆ ನೆಟ್ಟಗಿದ್ದ ಬೆನ್ನು ಸ್ವಲ್ಪ ಬಾಗಿತು. ಪಾಳಿಯ ದಣಿವು ಈಗ ನೆನಪಾದಂತೆ ಅವಳು ಎದೆಯ ಮೇಲಿನ ಗಡಿಯಾರವನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು.

ಅಧಿಕಾರಿ ಗುಮಾಸ್ತರನ್ನು ನೋಡಿದಳು. “ಯಜಮಾನ್ರೇ, ಕೇಳ್ಲೇಬೇಕಾಗಿರೋದ್ರಿಂದ ಕೇಳ್ತಿದೀನಿ. ಈ ಸಾಲನ್ನ ಯಾರಾದ್ರೂ ಬೇರೆ ಥರ ಓದಿದ್ದು ನಿಮಗೆ ಗೊತ್ತಾ?”

ಗುಮಾಸ್ತರು ತೊಡೆಯ ಮೇಲಿನ ಪುಸ್ತಕದ ರಟ್ಟನ್ನು ಸವರಿದರು. ಇಲ್ಲ ಎಂದರೆ ಯಾರೂ ಪ್ರಶ್ನಿಸುವವರಿರಲಿಲ್ಲ. ಸಂಜೆ ಐದಕ್ಕೆ ಪಟ್ಟಿ ಹೋಗುತ್ತದೆ, ಕಲಮೂ ನಮೂನೆಯೂ ತಮ್ಮ ಹೆಸರೂ ಇದ್ದಲ್ಲೇ ಇರುತ್ತವೆ, ಮುಂದಿನ ಚುನಾವಣೆಗೆ ಮತ್ತೆ ಕರೆ ಬರುತ್ತದೆ, ಮತ್ತೆ ಅದೇ ಕತೆ. ಆ ಕತೆಯ ನೆನಪಿಗೇ ಅವರಿಗೆ ಮೈಯೆಲ್ಲ ಸೋತಂತಾಯಿತು. ಮೂರು ಮೆಟ್ಟಿಲು ಹತ್ತಿ ಬಂದಿದ್ದ ಮುದುಕಿ ಏನು ತಪ್ಪು ಮಾಡಿದೆನೆಂದು ಕೇಳಿದ್ದಳು; ಏನೂ ಇಲ್ಲ ತಾಯಿ, ತಪ್ಪು ನಮ್ಮದು ಎಂದು ಹೇಳಲು ಆ ದಿನ ಬಾಯಿ ಬಂದಿರಲಿಲ್ಲ. ಅವಳ ಪ್ರಶ್ನೆಯಿಂದ ಹುಟ್ಟಿದ ಕಲಮೇ ಇವತ್ತು ಇನ್ನೊಬ್ಬ ಹೆಂಗಸನ್ನು ಅದೇ ಪ್ರಶ್ನೆಯೆದುರು ನಿಲ್ಲಿಸಿತ್ತು.

“ಒಬ್ಬ ಓದಿದ್ದ” ಎಂದರು.

ವಕೀಲರ ವಿನಯ ಮುಖದಲ್ಲೇ ನಿಂತುಬಿಟ್ಟಿತು. “ಕಡತದಲ್ಲಿಲ್ವಲ್ಲ ಯಜಮಾನ್ರೇ.”

“ಕಡತಕ್ಕೆ ಸೇರಿಸ್ಲಿಲ್ಲ ನಾನು.” ಗುಮಾಸ್ತರು ಪುಸ್ತಕದ ಹಿಂದಿನ ರಟ್ಟನ್ನು ಬಿಡಿಸಿ, ಮಡಿಕೆಯೊಳಗಿಂದ ಹಳದಿಗಟ್ಟಿದ ಹಾಳೆಯನ್ನು ಎರಡು ಬೆರಳಲ್ಲಿ ಎಳೆದರು. ಎದ್ದು ನಿಲ್ಲಲು ಕುರ್ಚಿಯ ಕೈ ಹಿಡಿಯಬೇಕಾಯಿತು. ಹಾಳೆಯನ್ನು ಅಧಿಕಾರಿಯ ಮುಂದೆ ಬಿಡಿಸಿಟ್ಟರು. ಖಾಲಿ ನಮೂನೆ ಏಳು. ‘ಬಿಟ್ಟು’ ಎಂಬ ಪದದ ಸುತ್ತ ಕೆಂಪು ವೃತ್ತ. ಅಂಚಿನಲ್ಲಿ ಕರಡು ತಿದ್ದುವವರ ಪುಟ್ಟ ಅಕ್ಷರದಲ್ಲಿ, ‘ಎರಡು ಅರ್ಥ. ತಿದ್ದುವುದು.’ ಕೆಳಗೆ ಹದಿನೆಂಟು ವರ್ಷದ ಹಿಂದಿನ ತಾರೀಕು, ಚಿಕ್ಕ ಸಹಿ.

“ಯಾರು ಇವರು?” ಅಧಿಕಾರಿ ಕೇಳಿದಳು.

“ನನ್ನ ಹೆಂಡತಿಯ ತಮ್ಮ. ಅವನೂ ಈಯಮ್ಮ ತುಂಬಿದ ಹಾಗೇ ತುಂಬಿದ್ದ. ನಿನಗೆ ಓದೋಕೆ ಬರಲ್ಲ ಅಂತ ಹತ್ತು ಜನರ ಮುಂದೆ ಅಂದು ಕಳಿಸಿದೆ.” ತಾವೇ ತಿದ್ದಿಕೊಂಡರು. “ಇಪ್ಪತ್ತು ಜನ.”

“ಹಾಗಾದ್ರೆ ಆಗಿನ ಆ ವಾರ್ಡಿನ ಫಲಿತಾಂಶಾನೂ ತಪ್ಪಾಯ್ತಲ್ಲ” ಎಂದರು ವಕೀಲರು. ಮಾತಿನಲ್ಲಿ ಮೊನಚಿತ್ತು, ಬಲವಿರಲಿಲ್ಲ.

“ಆಯ್ತು.”

“ಅದನ್ನ ಬರೆದು ಕೊಡ್ತೀರಾ?” ಅಧಿಕಾರಿಯ ದನಿ ತಗ್ಗಿತ್ತು. “ನಿಮ್ಮ ಹೆಸರು ಆದೇಶದಲ್ಲಿ ಬರತ್ತೆ. ನಮೂನೆಯನ್ನೂ ತಡೆಹಿಡೀಬೇಕಾಗತ್ತೆ.”

“ಬರ್ಲಿ ಬಿಡಿ” ಎಂದರು ಗುಮಾಸ್ತರು. ಅಂದ ಮೇಲೆ ಆ ‘ಬಿಡಿ’ ಅವರ ಕಿವಿಗೇ ಬಿದ್ದು, ಈ ಧಾತು ನನ್ನನ್ನು ಇನ್ನು ಬಿಡುವುದಿಲ್ಲ ಅನ್ನಿಸಿತು.

ಅವರು ಬರೆದುಕೊಟ್ಟದ್ದು ಮೂರೇ ಸಾಲು. ಅಕ್ಷರ ಹಿಂದಿನಷ್ಟೇ ಗುಂಡಗಿತ್ತು. ಕೌಂಟರಿನವನು ಕೆಂಪು ಗುರುತಿನ ಹಾಳೆಗೆ ಆ ದಿನದ ತಾರೀಕು ಹಾಕಿ, ಒಳಬರುವ ಪತ್ರಗಳ ಪುಸ್ತಕದಲ್ಲಿ ನಂಬರು ಕೊಟ್ಟ. ಮೂರೂವರೆಗೆ ಅಧಿಕಾರಿ ಆದೇಶಕ್ಕೆ ರುಜು ಹಾಕಿದಳು: ದಾದಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ. ದಾದಿ ಹೊರಡುವಾಗ ಗುಮಾಸ್ತರ ಮುಂದೆ ನಿಂತಳು. ಧನ್ಯವಾದ ಹೇಳುತ್ತಾಳೇನೋ ಎಂದು ಅವರು ಮುಜುಗರದಿಂದ ಕತ್ತು ಬಗ್ಗಿಸಿದರು.

“ಆ ಮಂಡಿಗೆ ಬಿಸಿನೀರಿನ ಶಾಖ ಕೊಡಿ. ಸಂಜೆ ಸಂಜೆ,” ಎಂದು ಹೇಳಿ ಹೋದಳು.

ಕೊನೆಯ ಪಟ್ಟಿಯನ್ನು ಅಚ್ಚುಕೂಟಕ್ಕೆ ಒಯ್ಯುವುದು ಜವಾನನ ಕೆಲಸ. ಹದಿನೆಂಟು ವರ್ಷಗಳಲ್ಲಿ ಗುಮಾಸ್ತರು ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ. ಅಂದು ಲಕೋಟೆಗೆ ಕೈ ಚಾಚಿದರು.

“ನಾನೇ ಕೊಟ್ಟು ಬರ್ತೀನಿ.”

“ಹೊಸ ಸಾಲು, ಯಜಮಾನ್ರೇ?” ಅಧಿಕಾರಿ ನೆನಪಿಸಿದಳು. “ನಮೂನೆಗೆ ಬೇರೆ ಸಾಲು ಬೇಕಲ್ಲ. ಮುಂದಿನ ಚುನಾವಣೆಗಾದ್ರೂ.”

ಅರ್ಧ ಗಂಟೆಯಿಂದ ಅವರು ಅದನ್ನೇ ಪ್ರಯತ್ನಿಸಿದ್ದರು. ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ್ದರು. ‘ತ್ಯಜಿಸಿ’ ಎಂದರೆ ನಾಟಕದ ಮಾತಾಗುತ್ತಿತ್ತು. ‘ಹೊರತುಪಡಿಸಿ’ ಎಂದರೆ ಅರ್ಥವೇ ಉಲ್ಟಾ ತಿರುಗುತ್ತಿತ್ತು. ಆ ಚೀಟಿಯನ್ನೂ ಜೇಬಿಗೆ ಹಾಕಿಕೊಂಡರು.

ಅಚ್ಚುಕೂಟ ಎರಡು ಬೀದಿಯಾಚೆ. ಎರಡು ಬೀದಿ ಇಷ್ಟು ಹತ್ತಿರವೆಂದು ಅವರಿಗೆ ಮರೆತೇಹೋಗಿತ್ತು. ಬಾಗಿಲಲ್ಲಿ ಶಾಯಿಯ, ಎಣ್ಣೆಯ, ಹಸಿ ಕಾಗದದ ವಾಸನೆ. ದೊಡ್ಡ ಯಂತ್ರ ಆಗಷ್ಟೇ ನಿಂತಿತ್ತು. ಕೆಲಸಗಾರರು ಕೈ ಒರೆಸಿಕೊಳ್ಳುತ್ತಿದ್ದರು. ಹಿಂದಿನ ಕಿಟಕಿಯ ಕೆಳಗೆ, ಇಳಿಜಾರು ಮೇಜಿನ ಮೇಲೆ ಬಾಗಿ ಭಾವಮೈದ ಕೂತಿದ್ದ. ಅರವತ್ತೊಂದರ ಪ್ರಾಯ, ತಲೆ ಪೂರ್ತಿ ಬೆಳ್ಳಗಾಗಿತ್ತು. ಹೆಂಡತಿ ಅದನ್ನು ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

“ಅಲ್ಲಿಡಪ್ಪ,” ಎಂದ ಅವನು ತಲೆಯೆತ್ತದೆ, ಜವಾನನೆಂದು ತಿಳಿದು. “ಎಂಟು ಗಂಟೆಯೊಳಗೆ ನೋಡಿ ಕೊಡ್ತೀನಿ.”

“ಎರಡು ಸಲ ನೋಡು. ಈ ಸಲ ಹೆಸರುಗಳು ಅದಲುಬದಲಾಗಿದ್ವು.”

ಕೆಂಪು ಪೆನ್ಸಿಲು ನಿಂತಿತು. ಅವನು ನಿಧಾನವಾಗಿ ಕತ್ತೆತ್ತಿ, ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿದ.

“ಭಾವ.” ಒಂದು ಕುರ್ಚಿ ಎಳೆದು, “ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಅದರ ಕಾಲು ಸರಿಯಿಲ್ಲ. ಇದು ತಗೊಳ್ಳಿ.”

ಗುಮಾಸ್ತರು ಕೂತರು. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ, ಆದೇಶದ ಪ್ರತಿಯನ್ನು ಅವನ ಮೇಜಿನ ಮೇಲಿಟ್ಟರು. ಅವನು ಕಸುಬಿನವನಂತೆ, ಸಾಲಿನ ಕೆಳಗೆ ಅಳತೆಪಟ್ಟಿ ಸರಿಸುತ್ತ, ಒಂದಕ್ಷರ ಬಿಡದೆ ಓದಿದ. ಎರಡನೆಯ ಪುಟದಲ್ಲಿ ತನ್ನ ಕೆಂಪು ಗುರುತಿನ ಹಾಳೆಯ ಪ್ರಸ್ತಾಪ ಬಂದಲ್ಲಿ ಪಟ್ಟಿ ನಿಂತಿತು.

“ಎಸೆದಿರ್ತೀರಿ ಅಂದ್ಕೊಂಡಿದ್ದೆ.”

“ಎಸೆಯೋಕಾಗ್ಲಿಲ್ಲ.”

“ನಂಬರು ಹಾಕೋಕೂ ಆಗ್ಲಿಲ್ಲ.”

“ಇಲ್ಲ. ಇವತ್ತು ಹಾಕಿಸಿದೆ.”

“ಎಷ್ಟನೇ ನಂಬರು?”

“ಮುನ್ನೂರ ಆರು.”

“ನೂರ ಹನ್ನೆರಡಕ್ಕಿಂತ ವಾಸಿ” ಎಂದ ಭಾವಮೈದ. ನಗಲಿಲ್ಲ, ಆದರೆ ಪೆನ್ಸಿಲನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡ.

ಗುಮಾಸ್ತರು ಆಮೇಲೆ ಹೇಳಿದರು. ವಕೀಲರ ಹೊಗಳಿಕೆ, ಅಧಿಕಾರಿಯ ಪ್ರಶ್ನೆ, ತಾವು ಕೊಟ್ಟ ಉತ್ತರ. ನಲವತ್ತು ವರ್ಷದಿಂದ ಮಾತು ಜೋಡಿಸಿ ಆಡುವವರಿಗೆ ಇಲ್ಲಿ ಒಂದು ವಾಕ್ಯವೂ ಸರಿಯಾಗಿ ಕೂಡಿಬರಲಿಲ್ಲ. “ಓದೋಕೆ ಬಾರದೇ ಇದ್ದದ್ದು ನಿನಗಲ್ಲ” ಎಂದರು ಕೊನೆಗೆ. “ನನಗೆ ಬರೆಯೋಕೆ ಬಂದಿರ್ಲಿಲ್ಲ.”

ಭಾವಮೈದ ಆದೇಶದ ಪ್ರತಿಯನ್ನು ಮಡಿಸಿ ಪಕ್ಕಕ್ಕಿಟ್ಟ. ಕಿಟಕಿಯ ಗಾಜಿನ ಮೇಲೆ ಬಿದ್ದ ಸಂಜೆಯ ಬಿಸಿಲು ಶಾಯಿಯ ಕಲೆಗಳನ್ನು ಎತ್ತಿ ತೋರಿಸುತ್ತಿತ್ತು. ಗುಮಾಸ್ತರು ಏನಾದರೂ ಮಾಡಲೇಬೇಕೆಂದು ಜೇಬಿನ ಚೀಟಿ ತೆಗೆದು ಮುಂದೆ ಚಾಚಿದರು. “ಹೊಸ ಸಾಲು ಕೂಡ್ತಾ ಇಲ್ಲ.”

ಅವನು ಹೊಡೆದುಹಾಕಿದ ಮೂರನ್ನೂ ಓದಿ, ಚೀಟಿಯನ್ನು ಮಗುಚಿ, ಹಿಂದೆ ಎರಡು ಸಾಲು ಬರೆದ: ‘ನಾನು ಉಳಿಸಿಕೊಳ್ಳುವ ಸ್ಥಾನ: ............’ ‘ನಾನು ಕೈಬಿಡುವ ಸ್ಥಾನ: ............’

“ಇದು ವಾಕ್ಯವೇ ಅಲ್ವಲ್ಲೋ” ಎಂದರು ಗುಮಾಸ್ತರು. ದನಿಯಲ್ಲಿ ಹಳೆಯ ಗುರುವಿನ ಶಿಷ್ಯ ಇನ್ನೂ ಇದ್ದ. “ಕ್ರಿಯಾಪದವೇ ಇಲ್ಲ.”

“ಪಾಳಿ ಮುಗಿಸಿ ಬಂದ ದಾದಿ ಕ್ರಿಯಾಪದ ಹುಡುಕಲ್ಲ ಭಾವ. ಎರಡು ಖಾನೆ ಸಾಕು.”

ಗುಮಾಸ್ತರು ಆ ಎರಡು ಸಾಲನ್ನು ಎಲ್ಲ ಕಡೆಯಿಂದಲೂ ಓದಿ ನೋಡಿದರು. ಒಂದೇ ಅರ್ಥ. ಹೇಗೆ ತಿರುಗಿಸಿದರೂ ಒಂದೇ. ಸುಸ್ತಾಗಿ ನಕ್ಕರು. ಮಡಿಸಿ ಜೇಬಿಗೆ ಹಾಕಿಕೊಂಡು, ಮಂಡಿಯ ಮೇಲೆ ಕೈಯೂರಿ ಏಳಲು ಹೊರಟರು.

“ಅಕ್ಕ ಮನೇಲಿದಾಳಾ?” ಭಾವಮೈದ ಕೇಳಿದ.

“ಇದಾಳೆ. ಚಹಾ ಹೊತ್ತು.”

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಪಟ್ಟಿಯ ಲಕೋಟೆಯನ್ನು ಎಳೆಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದ. ಎಂಟರೊಳಗೆ ಹಿಂದಿರುಗುವೆನೆಂದು ಕೆಲಸಗಾರರಿಗೆ ಕೈಸನ್ನೆ ಮಾಡಿ, ಗೂಟದಿಂದ ಕೋಟು ಇಳಿಸಿದ. ಬಾಗಿಲ ತನಕ ಇಬ್ಬರೂ ನಡೆದರು. ಹೊಸ್ತಿಲಲ್ಲಿ ಅವನು ನಿಂತ.

“ಇನ್ನೊಂದ್ಸಲ ಹೇಳಿ ಭಾವ.”

“ಯಾವುದನ್ನ? ಇವತ್ತಿಂದಾ?”

“ಎಲ್ಲಾನೂ. ಆ ಅಜ್ಜಿ ವೋಟಿಂದ ಶುರುಮಾಡಿ. ಹನ್ನೊಂದು ವರ್ಷಾನೂ ಹೇಳಿ, ದಾರಿ ಇದೆಯಲ್ಲ.” ಗುಮಾಸ್ತರು ಮೆಟ್ಟಿಲಿಳಿಯಲೆಂದು ಅವನು ಮೊಣಕೈ ಮುಂದೆ ಚಾಚಿದ. “ಈ ಸಲ ನನ್ನನ್ನ ಬಿಟ್ಟು ಹೇಳ್ಬೇಡಿ.”